ಮಡಿಲಿಗೆ ಹಾಕಿದ ಮಾತ್ರೆ

"ಅದಾ? ಅದ್ನ ಶಿವಾನಿ ಮಡ್ಲಿಗೆ ಆಕ್ಬುಟ್ಟೆ ಕಣ್ಲಾ" ಎಂದು ಅವ್ವ ಅಡುಗೆಮನೆಯಿಂದಲೇ ಹೇಳಿದಾಗ ಮೃತ್ಯುಂಜಯನ ಕೈ ಇನ್ನೂ ಬಿಸ್ಕತ್ತಿನ ಡಬ್ಬಿಯೊಳಗೇ ಇತ್ತು. ಡಬ್ಬಿಯಲ್ಲಿ ರಕ್ತಪರೀಕ್ಷೆಯ ಚೀಟಿಗಳಿದ್ದವು, ತುಟಿಗೆ ಹಚ್ಚುವ ಮುಲಾಮಿನ ಖಾಲಿ ಟ್ಯೂಬಿತ್ತು, ಮಾತ್ರೆಯ ಶೀಟುಗಳು ಮಾತ್ರ ಇರಲಿಲ್ಲ. ಅವನ ಮೊಡವೆಗೆಂದು ಚಾಮರಾಜನಗರದ ಚರ್ಮದ ಡಾಕ್ಟರಮ್ಮ ಬರೆದುಕೊಟ್ಟಿದ್ದ ಮಾತ್ರೆಗಳು ಅವು. ರಕ್ತದಲ್ಲಿ ಕೊಬ್ಬು ಏರಿದೆಯೆಂದು ನಡುವೆ ಅವರು ದೊಡ್ಡ ಮಾತ್ರೆ ನಿಲ್ಲಿಸಿ ಚಿಕ್ಕದು ಬರೆದಿದ್ದರು. ಉಳಿದಿದ್ದನ್ನು ಮನೆಯಲ್ಲಿಟ್ಟುಕೊಳ್ಳಬೇಡಿ, ನನಗೆ ತಂದುಕೊಡಿ, ಇನ್ನೊಬ್ಬರ ಬಾಯಿಗೆ ಬೀಳಬಾರದು ಎಂದು ಬಿಡಿಸಿ ಹೇಳಿದ್ದರು. ಆಯ್ತು ಮೇಡಂ ಎಂದು ತಲೆಯಾಡಿಸಿ ಬಂದವನು ತಂದು ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದ. ಗುಳ್ಳೆ ಮತ್ತೆ ಎದ್ದರೆ ಇರಲಿ ಎಂಬ ಹೆದರಿಕೆಗೆ. ನಾಳೆ ಮತ್ತೆ ಡಾಕ್ಟರ ಬಳಿಗೆ ಹೋಗಬೇಕು, ಈ ಸಲವಾದರೂ ಒಪ್ಪಿಸಿಬಿಡೋಣ ಎಂದು ಭಾನುವಾರದ ಬೆಳಿಗ್ಗೆ ಡಬ್ಬಿ ತೆಗೆದರೆ ಅವ್ವ ಇಂಥ ಮಾತಾಡುತ್ತಿದ್ದಾಳೆ. ಅದೂ ಸಾರಿಗೆ ಉಪ್ಪು ಹಾಕಿದೆ ಅನ್ನುವಷ್ಟು ಸಲೀಸಾಗಿ.

"ಯಾರ್ನ ಕೇಳಿ ಆಕ್ದೆ?"

"ಯಾರ್ನ ಕೇಳದು? ಆಸಾಡ ಕಳ್ದು ಮಗ್ಳ ಕಳಿಸ್ಕೊಡುವಾಗ ಮಡ್ಲಕ್ಕಿ ಕಟ್ಬೇಕು ತಾನೆ? ಅಕ್ಕಿ, ಕೊಬ್ರಿ, ಬೆಲ್ಲ, ಎಲೆಅಡ್ಕೆ ಎಲ್ಲ ಕಟ್ದೆ. ನಿನ್ ಮೊಕ ತಿಳಿಯಾಯ್ತಲ್ಲ, ಅವಳ್ದೂ ಆಗ್ಲಿ ಅಂತ ಇದ್ನೂ ಇಟ್ಟೆ. ದಿನಾ ಒಂದೊಂದು ನುಂಗು ಅಂದೀನಿ."

"ಅದು ಹೆಂಗಸ್ರು ಹಂಗೆಲ್ಲಾ ನುಂಗೋದಲ್ಲ ಕಣವ್ವ."

"ಗುಳ್ಳೆಗೂ ಗಂಡು ಹೆಣ್ಣು ಅಂತ ಇದ್ದದಾ, ಬುಡ್ಲಾ."

ಮುಂದೆ ಹೇಳಬೇಕಾದದ್ದು ಬಸುರಿಯ ಮಾತು. ಆ ಶಬ್ದವನ್ನು ಮೃತ್ಯುಂಜಯ ಅವ್ವನ ಎದುರಿಗೆ ಎಂದೂ ಆಡಿದವನಲ್ಲ. ಹಸು ಗಬ್ಬವಾದರೆ ಅಪ್ಪ ದೊಡ್ಡಮಲ್ಲಪ್ಪ ಜಗುಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹೇಳುತ್ತಾನೆ, ಮನೆಯ ಹೆಣ್ಣಿನ ವಿಷಯ ಬಂದರೆ ಎದ್ದು ಹೊಲಕ್ಕೆ ಹೋಗುತ್ತಾನೆ. ಆ ಮಾತ್ರೆ ಬರುವ ರಟ್ಟಿನ ಡಬ್ಬದ ಮೇಲೆ ಹೊಟ್ಟೆ ಮುಂದೆ ಬಂದ ಹೆಂಗಸಿನ ಚಿತ್ರವಿತ್ತು, ಅದರ ಮೇಲೊಂದು ಕೆಂಪು ಅಡ್ಡಗೆರೆ. ಇದನ್ನು ಮನೆಗೆ ಒಯ್ದರೆ ಅವ್ವ, ಅಜ್ಜಿ, ಆಷಾಢಕ್ಕೆ ಬರುವ ತಂಗಿ ಎಲ್ಲರೂ ನೋಡುತ್ತಾರೆ, ನಿನಗ್ಯಾಕೆ ಬಸುರಿ ಹೆಂಗಸಿನ ಮಾತ್ರೆ ಎಂದು ನಗುತ್ತಾರೆ ಎಂದು ಪ್ರತಿ ಸಲವೂ ಮೆಡಿಕಲ್ ಸ್ಟೋರಿನ ಮುಂದೆಯೇ ಡಬ್ಬ ಹರಿದು ಎಸೆದು ಶೀಟುಗಳನ್ನಷ್ಟೇ ಜೇಬಿಗಿಳಿಸಿಕೊಂಡು ಬರುತ್ತಿದ್ದ. ಆ ಚಿತ್ರವೊಂದು ಮನೆಯೊಳಗೆ ಬಂದಿದ್ದರೆ ಓದಲು ಬಾರದ ಅವ್ವನಿಗೂ ಅರ್ಥವಾಗುತ್ತಿತ್ತು. ಈಗ ಹೇಳಿದರೆ ಅವ್ವ ಎದೆ ಬಡಿದುಕೊಳ್ಳುತ್ತಾಳೆ, ಶಿವಾನಿಯ ಗಂಡನ ಊರು ಗುಂಡ್ಲುಪೇಟೆಗೆ ಫೋನು ಮಾಡಿ ಬೀಗಿತ್ತಿಗೆ ಒಪ್ಪಿಸುತ್ತಾಳೆ, ಸಂಜೆಯೊಳಗೆ ತಮ್ಮೂರು ಚಂದಕವಾಡಿಯ ಹಾಲಿನ ಡೇರಿಯ ಮುಂದೆ ಅದೇ ಸುದ್ದಿಯಾಗುತ್ತದೆ. ಅವನು ಡಬ್ಬಿಯನ್ನು ಎತ್ತಿ ಕುಕ್ಕಿದ. ಒಡೆಯುವಂಥದ್ದಾದರೂ ಆಗಬಾರದಿತ್ತೆ, ತಗಡಿನ ಡಬ್ಬಿ.

ಹಿತ್ತಲಿಗೆ ಹೋಗಿ ತಂಗಿಗೆ ಫೋನು ಮಾಡಿದ. ಶಿವಾನಿಯ ಕೈಗೆ ಹಿಟ್ಟು ಮೆತ್ತಿತ್ತಂತೆ, ಸ್ಪೀಕರಿಗೆ ಹಾಕಿ ಮಾತಾಡಿದಳು. ಆ ಮಾತ್ರೆ ನುಂಗ್ತಾ ಇದೀಯಾ ಎಂದು ಕೇಳಿದ. "ಹೂಂ ಕಣಣ್ಣ, ಗುಣ ಕಾಣ್ತಾ ಅದೆ" ಅಂದಳು. ಇನ್ನು ನುಂಗ್ಬೇಡ ಅಂದ. "ಯಾಕೆ, ನಿಂಗೊಬ್ಬನಿಗೇ ವಾಸಿ ಆಗ್ಬೇಕಾ?" ಎಂದು ನಕ್ಕಳು, ನಗುವಿನ ಹಿಂದೆಯೇ ಅವಳ ಅತ್ತೆಯ ದನಿ, "ಯಾವ್ ಮಾತ್ರೆ ಕಣಮ್ಮಿ?" "ಏನಿಲ್ಲ ಅತ್ತೆ, ಗ್ಯಾಸಿಂದು" ಎಂದು ಶಿವಾನಿ ಫೋನು ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಮಾತ್ರೆ ನಿಲ್ಲಿಸು, ಕಾರಣ ಆಮೇಲೆ ಹೇಳ್ತೀನಿ ಎಂದು ಬರೆದು ಕಳಿಸಿದ, ಅದನ್ನು ಅವಳು ನೋಡಿದ ಗುರುತೂ ಬರಲಿಲ್ಲ. ಕೊನೆಗೆ ಡಾಕ್ಟರಿಗೇ ಮಾಡಿದ. ಭಾನುವಾರವೂ ಎತ್ತಿದರು, ನಡೆದದ್ದನ್ನು ಹೇಳಿದ. ಬೈಯಲಿ ಎಂದು ಕಾದ, ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು. ತಂಗಿಗೆ ಮದುವೆಯಾಗಿದೆಯಾ ಎಂದು ಕೇಳಿದರು. "ನೋಡಿ ಮೃತ್ಯುಂಜಯ, ಮೊದಲು ನಿಲ್ಲಿಸಬೇಕು. ಕಡೇ ಮುಟ್ಟು ಯಾವಾಗ ಆಗಿದ್ದು ಕೇಳಿ. ಇವತ್ತೇ ಒಂದು ಪರೀಕ್ಷೆ ಮಾಡಿಕೊಳ್ಳಲಿ. ಬಸುರಿ ಅಂತ ಬಂದರೆ ತಡ ಮಾಡದೆ ಕರೆದುಕೊಂಡು ಬನ್ನಿ. ಆ ಮಾತ್ರೆ ಹೊಟ್ಟೆಯಲ್ಲಿರೋ ಕೂಸಿನ ಮಿದುಳು, ಹೃದಯ, ಕಿವಿ ಯಾವುದನ್ನೂ ನೆಟ್ಟಗೆ ಬೆಳೆಯೋಕೆ ಬಿಡಲ್ಲ. ಇಲ್ಲ ಅಂತ ಬಂದರೂ ನಾಳೆ ಬರಲಿ, ಗಂಡನ ಜೊತೆ." ಹೆಂಗಸರಿಗೂ ಅದನ್ನು ಕೊಡುತ್ತಾರಂತೆ. ಆದರೆ ಪರೀಕ್ಷೆ ಮಾಡಿ, ಬಸುರಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಿಂಗಳು ತಿಂಗಳು ನೋಡಿಕೊಂಡು. ಹೀಗೆ ಅಕ್ಕಿ ಬೆಲ್ಲದ ಜೊತೆ ಗಂಟು ಕಟ್ಟಿ ಅಲ್ಲ.

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವ ಮೊದಲು ಅವನು ಸ್ಟ್ಯಾಂಡಿನ ಎದುರಿನ ಮೆಡಿಕಲ್ ಸ್ಟೋರಿನ ಮುಂದೆ ನಿಂತ. ಇಬ್ಬರು ಗಿರಾಕಿಗಳು ಹೋಗಲಿ ಎಂದು ಕಾದ, ಹೋದವರ ಹಿಂದೆಯೇ ಮತ್ತೊಬ್ಬರು ಬಂದರು. ಬಸುರಿ ಹೌದೋ ಅಲ್ಲವೋ ಎಂದು ನೋಡುವ ಕಿಟ್ ಕೊಡಿ ಎಂಬುದನ್ನು ಅವನು ಮನಸ್ಸಿನಲ್ಲಿ ಮೂರು ಥರ ಕಟ್ಟಿಕೊಂಡಿದ್ದ, ಬಾಯಿ ಬಿಟ್ಟಾಗ ಯಾವುದೂ ಬರದೆ "ಪ್ರೆಗ್ನೆನ್ಸಿದು" ಎಂದಷ್ಟೇ ಬಂತು. ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತುತ್ತಾ, "ಮನೆಯವ್ರಿಗಾ? ಬೆಳಗ್ಗೆ ಮೊದಲ್ನೇ ಸಲ ಹೋಗೋದ್ರಲ್ಲಿ ನೋಡಿದ್ರೆ ಒಳ್ಳೇದು ಅಂತ ಹೇಳಿ ಸಾರ್" ಅಂದ. ಹೂಂ ಎಂದುಬಿಟ್ಟ ಮೃತ್ಯುಂಜಯ. ಸ್ವಂತ ತಂಗಿಯನ್ನು ಹೆಂಡತಿ ಎಂದು ಒಪ್ಪಿಕೊಂಡಂತಾಗಿ ಚಿಲ್ಲರೆಯನ್ನೂ ಎಣಿಸದೆ ಅಂಗಡಿಯಿಂದ ಇಳಿದ. ಪೊಟ್ಟಣವನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡರೆ ಅದು ಉಬ್ಬಿ ಕಾಣುತ್ತಿತ್ತು, ಅಂಗಿಯೊಳಗೆ ಸೇರಿಸಿದರೆ ಚುಚ್ಚುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಬಿಸಿಲು ಆ ಕಡೆಗೇ ಇತ್ತು. ಮಾತ್ರೆ ಶುರುವಾದಾಗಿನಿಂದ ಬಿಸಿಲು ಸ್ವಲ್ಪ ತಾಗಿದರೂ ಮುಖ ಚುರುಗುಟ್ಟುತ್ತದೆ. ಕರ್ಚೀಫನ್ನು ಕೆನ್ನೆಗೆ ಹಿಡಿದುಕೊಂಡ. ಪಕ್ಕದವನು ಅದನ್ನು ನೋಡಿ ಸ್ವಲ್ಪ ಸರಿದು ಕೂತ, ಇವನಿಗೇನೋ ಕೆಮ್ಮು ಎಂದುಕೊಂಡಿರಬೇಕು. ಹೀಗೆ ಸರಿಯುವವರನ್ನು ಮೃತ್ಯುಂಜಯ ಬಲ್ಲ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕ್ಯಾಂಟೀನಿನ ಬೆಂಚು ಅವನಿದ್ದ ಕಡೆ ಖಾಲಿಯಾಗಿರುತ್ತಿತ್ತು. ಗೇಟಿನ ಹಾಜರಾತಿ ಮಿಷನ್ನು ಅವನ ಮುಖವನ್ನು ಗುರುತಿಸದೆ ಕೆಂಪು ದೀಪ ಹಾಕುತ್ತಿತ್ತು, ಹಿಂದೆ ನಿಂತವರು ನಗುತ್ತಿದ್ದರು. ಕ್ಷೌರದ ಅಂಗಡಿಯ ಮೂಗಯ್ಯ ಗಡ್ಡಕ್ಕೆ ಬ್ಲೇಡು ತಾಗಿಸಲು ಒಪ್ಪದೆ, ಕೀವು ಕಣಪ್ಪ, ಬೇರೆ ಗಿರಾಕಿ ಬರ್ಬೇಕಲ್ಲ ಎಂದಿದ್ದ. ಅಜ್ಜಿ ಮಾದಪ್ಪನ ಬೆಟ್ಟದ ಧೂಳ್ತವನ್ನು ನೀರಿನಲ್ಲಿ ಕಲಸಿ ರಾತ್ರಿ ಹಚ್ಚಿ ಮಲಗಿಸುತ್ತಿದ್ದಳು, ಬೆಳಿಗ್ಗೆ ಆ ಬೂದಿ ಗುಳ್ಳೆಯ ಮೇಲೆ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಹೆಣ್ಣು ನೋಡಲು ಹೋದ ಮನೆಯಲ್ಲಿ, ಹುಡುಗಂಗೆ ಅದೇನು ಅಂಟುರೋಗವಾ ಎಂದು ಕೇಳಿದ್ದು ಹುಡುಗಿಯ ಅಪ್ಪನಲ್ಲ, ಹುಡುಗಿಯೇ. ಆಮೇಲೆ ಮಾತ್ರೆ ಬಂತು. ತುಟಿ ಒಡೆದು ರಕ್ತ ಬರುತ್ತಿತ್ತು, ಮೂಗಿನಿಂದಲೂ ಬರುತ್ತಿತ್ತು, ಎದ್ದರೆ ಕೂತರೆ ಮಂಡಿ ನೋವು. ಫ್ಯಾಕ್ಟರಿಯ ರಕ್ತದಾನದ ದಿನ, ಈ ಮಾತ್ರೆ ತಿನ್ನುವವರು ರಕ್ತ ಕೊಡಬಾರದು ಎಂದು ಡಾಕ್ಟರು ಹೇಳಿದ್ದನ್ನು ಬಾಯಿಬಿಟ್ಟು ಹೇಳಲಾರದೆ ಹೊಟ್ಟೆನೋವು ಎಂದಿದ್ದ. ಸೂಜಿ ಕಂಡರೆ ಹೆದರುವ ಗಂಡಸು ಎಂದು ಆಡಿಕೊಂಡರು, ಆಡಿಕೊಳ್ಳಲಿ. ಯಾವುದೂ ದೊಡ್ಡದೆನಿಸಲಿಲ್ಲ. ಬೆಳಿಗ್ಗೆ ಎದ್ದು ಕೆನ್ನೆ ಸವರಿದರೆ ಕೈಗೆ ಚರ್ಮ ಸಿಗುತ್ತಿತ್ತಲ್ಲ, ಅಷ್ಟಿದ್ದರೆ ಸಾಕಾಗಿತ್ತು.

ಆದರೆ ಶಿವಾನಿಯ ಮುಖ? ಅವಳ ಕೆನ್ನೆಯ ಮೇಲೂ ಅವೇ ಗಂಟು ಗಂಟು ಗುಳ್ಳೆಗಳಿದ್ದವೆಂದು ಅವನಿಗೆ ಯಾವಾಗ ಗೊತ್ತಾಯಿತು ಎಂದು ನೆನಪು ಮಾಡಿಕೊಂಡರೆ ನಾಚಿಕೆಯಾಗುತ್ತದೆ. ಕಾಲೇಜಿಗೆ ಹೋಗುವಾಗ ಅವಳು ದುಪಟ್ಟಾವನ್ನು ಕೆನ್ನೆಗೆ ಸುತ್ತಿಕೊಂಡು ಹೋಗುತ್ತಿದ್ದಳು, ಧೂಳಿಗೆ ಎಂದುಕೊಂಡಿದ್ದ. ಗಂಡಿನ ಕಡೆಗೆ ಕಳಿಸಿದ ಫೋಟೋದಲ್ಲಿ ಸ್ಟುಡಿಯೋದವನು ಅವಳ ಮುಖವನ್ನು ಬೆಣ್ಣೆಯಂತೆ ಮಾಡಿಕೊಟ್ಟಿದ್ದ, ಮದುವೆಯ ದಿನ ಮೈಸೂರಿನಿಂದ ಬಂದ ಮೇಕಪ್ಪಿನವಳು ಎರಡು ಗಂಟೆ ಕೂರಿಸಿ ಬಳಿದಿದ್ದಳು. ಮನೆಯಲ್ಲಿ ಒಬ್ಬರಿಗೆ ಮಾತ್ರೆ ತರುವ ಯೋಚನೆ ಬಂದಾಗ ಇನ್ನೊಬ್ಬರಿಗೂ ಬೇಕೇನೋ ಎಂದು ಯಾರಿಗೂ ತೋಚಲಿಲ್ಲ, ಅವ್ವನೊಬ್ಬಳನ್ನು ಬಿಟ್ಟು. ಅವ್ವನ ಮೇಲೆ ಬೆಳಿಗ್ಗೆಯಿಂದ ಉರಿಯುತ್ತಿದ್ದ ಸಿಟ್ಟು ಇಲ್ಲಿಗೆ ಬಂದು ನಿಂತಿತು, ಆದರೆ ಇಳಿಯಲಿಲ್ಲ. ತೆರಕಣಾಂಬಿಯಲ್ಲಿ ಬಸ್ಸು ಯಾರಿಗೋ ಕಾಯುತ್ತಾ ನಿಂತಾಗ ಡ್ರೈವರಿನ ಮೇಲೆ ಹರಿಹಾಯ್ದ. "ಅರ್ಜೆಂಟಿದ್ರೆ ಎಲಿಕಾಪ್ಟ್ರಲ್ಲಿ ಓಗಿ" ಅಂದ ಡ್ರೈವರು. ಎಲ್ಲರೂ ನಕ್ಕರು. ನಗದವರು ಅವನ ಕಡೆ ತಿರುಗಿ ನೋಡಿದರು, ಅದು ಇನ್ನೂ ಕೆಟ್ಟದ್ದು.

ಶಿವಾನಿಯ ಅತ್ತೆ ಶಾಂತಮಲ್ಲಮ್ಮ ಬಾಗಿಲಲ್ಲೇ ಬೆರಗಾಗಿ ನಿಂತರು. ತಂಗಿಯ ಮನೆಗೆ ಹೇಳದೆ ಕೇಳದೆ ಬರಿಗೈಯಲ್ಲಿ ಬಂದಿದ್ದೇನೆಂದು ಮೃತ್ಯುಂಜಯನಿಗೆ ಆಗಲೇ ಹೊಳೆದದ್ದು. ಹೂವಿಲ್ಲ, ಹಣ್ಣಿಲ್ಲ, ಅಂಗಿಯೊಳಗೆ ಆ ಪೊಟ್ಟಣವೊಂದು. "ಬಾ ಮಗ, ಬಾ. ಅವ್ವ ಅಪ್ಪ ಚಂದಾಗವ್ರಾ?" ಎಂದು ಕೂರಿಸಿ ನೀರು ಕೊಟ್ಟರು. ಒಳ್ಳೆಯ ಹೆಂಗಸು, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳ ತೆಗೆದು ತಂಗಿಯನ್ನು ಎಬ್ಬಿಸಿಕೊಂಡು ಹೋಗಬಹುದಿತ್ತು. ಆಕೆ ಅವನ ಮುಖವನ್ನೇ ನೋಡಿ, "ಎಲ್ಲಾ ವಾಸಿ ಆಗೋಗದಲ್ಲಪ್ಪಾ! ನಮ್ ಹುಡ್ಗೀದೂ ಹಿಂಗೇ ಆಗ್ಬೇಕು. ಒಂದು ಮಗು ಆಗ್ಲಿ ಬುಡು, ಮೊಕದ ಗುಳ್ಳೆಯೆಲ್ಲ ತಾನಾಗೇ ಓಯ್ತವೆ. ನಾನು ದಿನಾ ಶಿವನ್ಗೆ ಕೈ ಮುಗಿಯದು ಅದ್ನೇ" ಅಂದರು. ನೀರು ಅವನ ನೆತ್ತಿಗೇರಿತು. ಕೆಮ್ಮುತ್ತಲೇ ತಂಗಿ ಎಲ್ಲಿ ಎಂದು ಕೇಳಿದ. ಹಿತ್ತಲಲ್ಲಿ ಬಟ್ಟೆ ಒಗೀತಾ ಅವಳೆ ಎಂದು ಹೇಳಿ, ಊಟಕ್ಕೆ ಇಡುತ್ತೇನೆಂದು ಆಕೆ ಒಳಗೆ ಹೋದರು.

ಶಿವಾನಿ ಒಗೆಯುವ ಕಲ್ಲಿನ ಬಳಿ ನಿಂತಿದ್ದಳು. ಅವಳ ತುಟಿ ಒಡೆದಿತ್ತು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಎಷ್ಟು ಉಳ್ದಿವೆ? ತತ್ತಾ ಇಲ್ಲಿ."

"ಕೊಡಲ್ಲ."

"ಶಿವಾನಿ, ತಮಾಷೆ ಅಲ್ಲ. ಮೆಸೇಜು ನೋಡ್ಲಿಲ್ವಾ?"

"ನೋಡ್ದೆ. ಗಲ್ಲ ಒಂದ್ ಕಡೆ ಒಣಗ್ತಾ ಅದೆ, ಕಾಣಲ್ವಾ ನಿಂಗೆ? ನೀನು ನುಂಗಿ ನುಂಗಿ ಚಂದಾಗಿ, ಈಗ ನಂಗೆ ಕೊಡ್ಬೇಡ ಅಂತೀಯ."

"ಅದರ ಹಿಂದೆ ಕೆಂಪಕ್ಷರದಲ್ಲಿ ಬರೆದಿರೋದಾದ್ರೂ ಓದಿದ್ಯಾ? ಬಿ.ಎ. ಮಾಡಿದೀಯ."

"ಎಲ್ಲಾ ಮಾತ್ರೆ ಹಿಂದೇನೂ ಏನೋ ಬರ್ದಿರ್ತದೆ. ಅರ್ಧ ಕತ್ತರಿಸಿ ಹೋಗಿತ್ತು."

ಅವನು ಅಡುಗೆಮನೆಯ ಕಡೆ ನೋಡಿದ. ಒಳಗೆ ರುಬ್ಬುವ ಸದ್ದು ಕೇಳುತ್ತಿತ್ತು. ಅಂಗಿಯೊಳಗಿಂದ ಪೊಟ್ಟಣ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟ, ಅವಳ ಮುಖ ನೋಡಲಾರದೆ ತೊಟ್ಟಿಯ ನೀರನ್ನು ನೋಡುತ್ತಾ ಹೇಳಿದ. ಡಾಕ್ಟರು ಹೇಳಿದ್ದನ್ನು ಹೇಳಿದ. ಮಿದುಳು, ಹೃದಯ, ಕಿವಿ ಅಂದ. ಕಡೇ ಮುಟ್ಟು ಯಾವಾಗ ಆಯಿತು ಎಂದು ಕೇಳಿದ. ಆ ಮಾತು ಆಡಿ ಮುಗಿಸಿದಾಗ ಕಿವಿಯೆಲ್ಲ ಬಿಸಿಯಾಗಿತ್ತು. ತಂಗಿ ಬೈದರೆ ಬೈಯಲಿ, ಕಪಾಳಕ್ಕೆ ಹೊಡೆದರೂ ಹೊಡೆಯಲಿ, ಉತ್ತರ ಸಿಕ್ಕರೆ ಸಾಕು ಎಂದು ನಿಂತ.

ಶಿವಾನಿ ಪೊಟ್ಟಣ ಬಿಚ್ಚಿ ನೋಡಿದಳು. ನಕ್ಕಳು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ಇದ್ನ ಅಂಗ್ಡೀಲಿ ನೀನೇ ಕೇಳಿ ತಂದ್ಯಾ?"

"ಹೂಂ."

"ಪಾಪ ಕಣಣ್ಣ ನೀನು." ಒದ್ದೆ ಕೈಯಲ್ಲೇ ಮತ್ತೆ ಪೇಪರು ಸುತ್ತಿದಳು. "ಬೇಡ ಇದು. ಅದಕ್ಕೆಲ್ಲ ಅವರು ನನ್ನ ಮುಟ್ಬೇಕಲ್ಲ."

ಅವನಿಗೆ ತಕ್ಷಣ ಅರ್ಥವಾಯಿತು, ಅರ್ಥವಾಗಲಿಲ್ಲ ಎಂಬಂತೆ ನಿಂತ.

"ಮದುವೆ ದಿನ ರಾತ್ರಿ ಮುಖ ತೊಳ್ಕೊಂಡು ಹೋದೆ. ನೋಡಿದ್ರು. ಫೋಟೋದಲ್ಲಿ ಹಿಂಗಿರ್ಲಿಲ್ವಲ್ಲ ಅಂದ್ರು. ಅಷ್ಟೇ. ಆವತ್ತಿಂದ ಪಡಸಾಲೇಲಿ ಮಲಗ್ತಾರೆ, ತರ್ಕಾರಿ ಮಂಡಿಗೆ ಬೆಳಗ್ಗೆ ಬೇಗ ಹೋಗ್ಬೇಕು ಅಂತಾರೆ. ಅತ್ತೆ ನಂಬವ್ರೆ. ದಿನಾ ನನ್ನ ಹೊಟ್ಟೆ ನೋಡ್ತಾರೆ. ಬೈದ್ರೂ ತಡ್ಕೋಬೋದು ಕಣಣ್ಣ, ಬೈಯದೂ ಇಲ್ಲ ಆವಮ್ಮ." ಅವಳು ಕಲ್ಲಿನ ಮೇಲಿನ ಅಂಗಿಯೊಂದನ್ನು ಹಿಂಡತೊಡಗಿದಳು. ಗಂಡನದೇ ಅಂಗಿ. "ಅವ್ವ ಮಾತ್ರೆ ಕೊಟ್ಟಾಗ, ಆಯ್ತು, ಇದೊಂದು ಕೆಲ್ಸ ಆದ್ರೆ ಎಲ್ಲಾ ಸರಿ ಹೋಯ್ತದೆ ಅಂದ್ಕೊಂಡೆ. ಈಗ ನೀನು ಕಿತ್ಕೊಳಕ್ಕೆ ಬಂದಿದೀಯ."

ಬಸುರಿಯಲ್ಲ, ಯಾವ ಕೂಸಿಗೂ ಏನೂ ಆಗಿಲ್ಲ. ಮೃತ್ಯುಂಜಯನ ಎದೆ ಹಗುರವಾಯಿತು, ಸದ್ಯ ಎಂದು ಬಾಯಿಯವರೆಗೂ ಬಂತು, ಮರುಕ್ಷಣವೇ ತನ್ನ ಮೇಲೆ ಹೇಸಿಗೆಯಾಯಿತು. ತಂಗಿಯ ಬಾಳು ಹೀಗಿರುವುದು ತನಗೆ ಅನುಕೂಲವಾಯಿತೆ? ಅವನ ಕೆನ್ನೆಯ ಮೇಲೆ ಗುಳ್ಳೆಯಿದ್ದಾಗ ಜನ ಬೆಂಚಿನಿಂದ ಸರಿಯುತ್ತಿದ್ದರು, ಅಷ್ಟೆ. ಸಂಜೆ ಮನೆಗೆ ಹೋದರೆ ಅವ್ವ ತಟ್ಟೆ ಇಡುತ್ತಿದ್ದಳು. ಇವಳು ಸರಿದವನ ಮನೆಯಲ್ಲೇ ಉಣ್ಣಬೇಕು, ಅವನ ಅಂಗಿ ಒಗೆಯಬೇಕು.

"ಕಿತ್ಕೊಳಕ್ಕೆ ಬಂದಿಲ್ಲ ಕಣಮ್ಮಿ. ನಾಳೆ ಡಾಕ್ಟರ ಹತ್ರ ಹೋಗನ. ನಿಂಗೆ ರಕ್ತ ಎಲ್ಲ ನೋಡಿ, ಎಷ್ಟು ಬೇಕೋ ಅಷ್ಟು ಅವ್ರೇ ಕೊಡ್ತಾರೆ. ನನ್ನದು ನಿಂಗಾಗಲ್ಲ. ನಂಗೇ ಜಾಸ್ತಿ ಆಯ್ತು ಅಂತ ನಿಲ್ಸಿದ್ದು ಅದು."

"ಏನಂತ ಹೇಳಿ ಹೊರಡ್ಲಿ?"

"ಮೊಡವೆಗೆ ಅಂತ. ಬೇರೆ ಏನು ಹೇಳ್ಬೇಕು? ಕಾಣಲ್ವಾ ಎಲ್ರಿಗೂ?"

ಸಿಟ್ಟಿನಲ್ಲಿ ದನಿ ಎತ್ತರಿಸಿಬಿಟ್ಟಿದ್ದ. ರುಬ್ಬುವ ಸದ್ದು ನಿಂತಿತು. ಶಿವಾನಿ ಒಳಗೆ ಹೋಗಿ, ರವಿಕೆಗಳ ನಡುವೆ ಇಟ್ಟಿದ್ದ ಶೀಟುಗಳನ್ನು ತಂದು ಅವನ ಕೈಗೆ ತುರುಕಿದಳು.

ಊಟದ ಹೊತ್ತಿಗೆ ಶಿವಾನಿಯ ಗಂಡ ಸೋಮಶೇಖರ್ ಬಂದ. ಅವನದು ಹೂವು ತರಕಾರಿಯ ಮಂಡಿ, ಸರಕೆಲ್ಲ ಕೇರಳಕ್ಕೆ ಹೋಗುವಂಥದ್ದು. ಬಂಡೀಪುರದ ರಸ್ತೆ ರಾತ್ರಿ ಮುಚ್ಚುವುದರೊಳಗೆ ಗಾಡಿ ದಾಟಿಸಬೇಕೆಂದು ಮಲಯಾಳದಲ್ಲಿ ಯಾರಿಗೋ ಫೋನಿನಲ್ಲಿ ಹೇಳುತ್ತಲೇ ಚಪ್ಪಲಿ ಬಿಟ್ಟ, ಹೇಳುತ್ತಲೇ ಕೂತ. ಫೋನು ಕೆಳಗಿಟ್ಟು, "ಏನ್ ಬಾವ, ಗುರ್ತೇ ಸಿಗ್ತಿಲ್ಲ! ಮೊಕ ಪಳಪಳ ಅಂತದಲ್ಲ, ಏನ್ ಮಾಡ್ಸುದ್ರಿ?" ಎಂದು ಮನಸಾರೆ ನಕ್ಕ. ಶಿವಾನಿ ಅವನ ಮುಂದೆ ತಟ್ಟೆ ಇಡುತ್ತಿದ್ದಳು. ಅವನು ತಟ್ಟೆಯನ್ನು ನೋಡಿದ, ಅದನ್ನು ಹಿಡಿದಿದ್ದ ಕೈಯನ್ನೂ ನೋಡಿದ, ಅಲ್ಲಿಂದ ಮೇಲೆ ನೋಡಲಿಲ್ಲ. ಮೃತ್ಯುಂಜಯನಿಗೆ ಎದ್ದು ಹೋಗಿ ಅವನ ಗದ್ದ ಹಿಡಿದು ಎತ್ತಬೇಕೆನಿಸಿತು. ಬದಲಿಗೆ ಮುದ್ದೆ ಮುರಿದ. ಹೆಣ್ಣು ಕೊಟ್ಟ ಮನೆಯವನು ನಾಲಿಗೆ ಬಿಗಿಹಿಡಿಯಬೇಕು ಎಂದು ಹೊರಡುವಾಗ ಅವ್ವ ಹೇಳದಿದ್ದರೂ ಅದು ಅವನ ಬೆನ್ನಿನಲ್ಲೇ ಬಂದಿತ್ತು.

"ಮಾತ್ರೆ ತಗೊಂಡೆ" ಅಂದ. "ಶಿವಾನಿಗೂ ಕೊಡಿಸ್ಬೇಕು. ನಾಳೆ ಚಾಮರಾಜನಗರಕ್ಕೆ ಕರ್ಕೊಂಡು ಹೋಗ್ತೀನಿ. ನೀವೂ ಬರ್ಬೇಕಂತೆ."

"ನಾನ್ಯಾಕೆ ಬಾವ? ನಾಳೆ ಲೋಡಿದೆ. ಕರ್ಕೊಂಡೋಗಿ, ತೋರ್ಸಿ, ಒಳ್ಳೇದು." ಅವನ ಹೆಬ್ಬೆರಳು ಮತ್ತೆ ಫೋನಿನ ಮೇಲೆ ಓಡತೊಡಗಿತ್ತು.

"ಡಾಕ್ಟರು ಗಂಡ ಬರ್ಲಿ ಅಂದವ್ರೆ. ಆ ಮಾತ್ರೆ ತಗೊಳೋವಾಗ ಮಕ್ಕಳಾಗಬಾರದಂತೆ. ಆದ್ರೆ ಮಗೂಗೆ ಬಾಳ ತೊಂದರೆಯಂತೆ. ಮಾತ್ರೆ ಮುಗಿದ ಮೇಲೂ ಒಂದು ತಿಂಗಳು ಹುಷಾರಾಗಿರ್ಬೇಕಂತೆ. ಅದನ್ನ ಇಬ್ರಿಗೂ ಕೂರಿಸಿ ಹೇಳ್ತಾರಂತೆ."

ಮಾತು ಆಡಿ ಮುಗಿಸಿ ಕತ್ತೆತ್ತಿದ. ಸೋಮಶೇಖರನ ಕಿವಿ ಕೆಂಪಾಗುತ್ತದೆ, ತಡವರಿಸುತ್ತಾನೆ, ಸಾರಿನ ಬಟ್ಟಲಿಗಾದರೂ ಕೈ ತಗುಲಿಸುತ್ತಾನೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಅವನು ಫೋನಿನಿಂದ ಕಣ್ಣು ತೆಗೆಯದೆ, ಗಾಡಿಯಲ್ಲಿ ಜಾಗವಿದೆಯಾ ಎಂದು ಕೇಳಿದವರಿಗೆ ಹೇಳುವಂತೆ, "ಅದಕ್ಕೇನ್ ತೊಂದ್ರೆ ಇಲ್ಲ ಬುಡಿ ಬಾವ" ಅಂದ.

ಮಜ್ಜಿಗೆಯ ಚೊಂಬು ಹಿಡಿದು ಬರುತ್ತಿದ್ದ ಶಾಂತಮಲ್ಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು.

"ತೊಂದ್ರೆ ಇಲ್ಲ ಅಂದ್ರೆ ಏನ್ಲಾ?"

ಸೋಮಶೇಖರ್ ಫೋನನ್ನು ಮಗುಚಿ ನೆಲದ ಮೇಲಿಟ್ಟ. ಮೃತ್ಯುಂಜಯ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಹೇಳಿ" ಅಂದಳು ಶಿವಾನಿ, ಗಂಡನ ಎದುರಿಗೇ ಕೂರುತ್ತಾ. "ಅತ್ತೆ ಕೇಳ್ತಾವ್ರಲ್ಲ."